78ರ ಹಿರಿಯ ನಟಿಗೆ ಹಾಸ್ಯಸಂಜೆಯ ನಿರೂಪಣೆ ಒಪ್ಪಿಸುವುದು ಸರಿಯೇ?

ಪ್ರಶ್ನೆ: ಧಾರವಾಡದಿಂದ

ನಮಸ್ಕಾರ. ಧಾರವಾಡದಲ್ಲಿ ನಾವು ಹತ್ತು-ಹನ್ನೆರಡು ಜನ ಹವ್ಯಾಸಿಗಳು ಸೇರಿ ವರ್ಷಕ್ಕೊಮ್ಮೆ ಒಂದೂವರೆ ತಾಸಿನ ಕಿರುಪ್ರಹಸನಗಳ ಪ್ರದರ್ಶನವನ್ನು ಏರ್ಪಡಿಸುತ್ತೇವೆ. ಅಮೆರಿಕದಲ್ಲಿ 1975ರಿಂದ ನಡೆದುಬಂದಿರುವ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ನೇರಪ್ರಸಾರದ ಹಾಸ್ಯ ಕಾರ್ಯಕ್ರಮದ ಪದ್ಧತಿಯಂತೆ ಪ್ರತಿ ಸಲವೂ ಹೊರಗಿನ ಕಲಾವಿದರೊಬ್ಬರನ್ನು ನಿರೂಪಣೆಗೆ ಕರೆಯುತ್ತೇವೆ. ಅವರು ಆರಂಭದಲ್ಲಿ ಪ್ರೇಕ್ಷಕರೊಡನೆ ಮಾತನಾಡಿ, ಅನಂತರ ಪ್ರಹಸನಗಳಲ್ಲಿ ತಾವೂ ಪಾತ್ರ ವಹಿಸುತ್ತಾರೆ. ಈ ವರ್ಷ, ಹದಿನಾರನೆಯ ವಯಸ್ಸಿಗೇ ನಾಟಕ ಕಂಪನಿ ಸೇರಿ ಜಾತ್ರೆಯಿಂದ ಜಾತ್ರೆಗೆ ತಿರುಗುತ್ತ ಬದುಕಿದ, ಈಗ 78 ವರ್ಷದ ನಟಿಯೊಬ್ಬರನ್ನು ಕೇಳಿಕೊಂಡೆವು. ಅವರು ಬಹಳ ಸಂತೋಷಪಟ್ಟರು. ಆದರೆ ಮರುಕ್ಷಣವೇ, “ನಡುವೆ ಮಾತು ಮರೆತರೆ ಅಷ್ಟು ಮಂದಿಯ ಮುಂದೆ ಏನು ಮಾಡಲಿ ತಂಗಿ?” ಎಂದು ಕೇಳಿದರು.

ನಮ್ಮ ತಂಡದಲ್ಲಿಯೂ ಎರಡು ಅಭಿಪ್ರಾಯಗಳಿವೆ. ಅವರಿಗೆ ಶಾಲು ಹೊದಿಸಿ, ಫಲಪುಷ್ಪ ಕೊಟ್ಟು, ಎರಡು ಮಾತನಾಡಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅರವತ್ತು ವರ್ಷ ರಂಗಕ್ಕೆ ದುಡಿದವರನ್ನು ರಂಗದಿಂದ ಕೆಳಗಿಳಿಸಿ ಗೌರವಿಸುವುದು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ. ಅಮೆರಿಕದ ಹಾಸ್ಯನಟಿ ಬೆಟ್ಟಿ ವೈಟ್ ಅವರು 88ನೆಯ ವಯಸ್ಸಿನಲ್ಲಿ ಆ ಕಾರ್ಯಕ್ರಮವನ್ನು ಹೇಗೆ ನಿಭಾಯಿಸಿದರು, ಅವರ ಬೆನ್ನಿಗೆ ಎಂಥ ವ್ಯವಸ್ಥೆ ಇತ್ತು, ಅದರಲ್ಲಿ ನಮಗೆ ಒಗ್ಗುವುದು ಯಾವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಗದಗದಿಂದ

ನಿಮ್ಮ ನಟಿಯ ಹಿಂಜರಿಕೆಯನ್ನು ಅಶಕ್ತಿಯೆಂದು ತಿಳಿಯಬೇಡಿರಿ. ಬೆಟ್ಟಿ ವೈಟ್ ಅವರೂ ಮೊದಲು ಬಂದ ಕರೆಗಳನ್ನು ನಿರಾಕರಿಸಿದ್ದವರೇ. ಅವರೇ ನಿರೂಪಿಸಬೇಕೆಂದು ಫೇಸ್‌ಬುಕ್ಕಿನಲ್ಲಿ ಸುಮಾರು ಐದು ಲಕ್ಷ ಜನ ಒತ್ತಾಯಿಸಿದ ಮೇಲೆ, 2010ರ ಮೇ 8ರಂದು ಅವರು ಆ ರಂಗವನ್ನೇರಿದರು. ಅದಕ್ಕೂ ಮುಂಚೆ, 1977ರಲ್ಲಿ, ಸ್ಪರ್ಧೆಯೊಂದರಲ್ಲಿ ಗೆದ್ದ 80 ವರ್ಷದ ಅಜ್ಜಿಯೊಬ್ಬರು ಅದೇ ಕಾರ್ಯಕ್ರಮವನ್ನು ನಿರೂಪಿಸಿದ್ದರು. ಅವರು ನಟಿಯೂ ಆಗಿರಲಿಲ್ಲ.

ಬೆಟ್ಟಿ ವೈಟ್ ಅವರಿಗೆ ನೇರಪ್ರಸಾರ ಹೊಸದಾಗಿರಲಿಲ್ಲ. 1949ರಲ್ಲಿ ಲಾಸ್ ಏಂಜಲಿಸ್‌ನ ಸ್ಥಳೀಯ ವಾಹಿನಿಯಲ್ಲಿ ದಿನಕ್ಕೆ ಐದೂವರೆ ತಾಸಿನಂತೆ ವಾರಕ್ಕೆ ಆರು ದಿನ, ಬಹುಪಾಲು ಆ ಹೊತ್ತಿಗೆ ತೋಚಿದ ಮಾತುಗಳಿಂದಲೇ ಅವರು ಕಾರ್ಯಕ್ರಮ ನಡೆಸಿದ್ದರು. ಕಂಪನಿ ನಾಟಕದ ನಟಿಯಲ್ಲಿಯೂ ಅದೇ ಬಗೆಯ ಪಳಗುವಿಕೆ ಇರುತ್ತದೆಯೆಂದು ನನ್ನ ನಂಬಿಕೆ.

ಇನ್ನು ಮರೆವಿನ ಮಾತು. ಆ ಕಾರ್ಯಕ್ರಮದಲ್ಲಿ ಮಂಗಳವಾರ ರಾತ್ರಿಯಿಡೀ ಪ್ರಹಸನಗಳನ್ನು ಬರೆದು, ಬುಧವಾರ ಎಲ್ಲರೂ ಕೂಡಿ ಓದಿ, ಕೆಲವನ್ನು ಆರಿಸಿಕೊಳ್ಳುತ್ತಾರೆ. ಶನಿವಾರ ರಾತ್ರಿ ಎಂಟಕ್ಕೆ ಪ್ರೇಕ್ಷಕರ ಮುಂದೆಯೇ ಪೂರ್ಣ ತಾಲೀಮು ನಡೆಯುತ್ತದೆ. ಅಲ್ಲಿ ನಗೆ ಹುಟ್ಟಿಸದ ಪ್ರಹಸನಗಳನ್ನು ಕೈಬಿಟ್ಟು, ಉಳಿದವುಗಳ ಮಾತುಗಳನ್ನು ತಿದ್ದಿ, ಹನ್ನೊಂದೂವರೆಗೆ ನೇರಪ್ರಸಾರವನ್ನು ಆರಂಭಿಸುತ್ತಾರೆ. ಕೊನೆಯ ಗಳಿಗೆಯವರೆಗೂ ಮಾತು ಬದಲಾಗುವುದರಿಂದ ಯಾರಿಂದಲೂ ಬಾಯಿಪಾಠದ ನಿರೀಕ್ಷೆ ಇರುವುದಿಲ್ಲ. ದೊಡ್ಡ ರಟ್ಟುಗಳ ಮೇಲೆ ಕೈಯಿಂದ ಬರೆದ ಮಾತುಗಳನ್ನು ಕ್ಯಾಮೆರಾದ ಪಕ್ಕದಲ್ಲಿ ಹಿಡಿದಿರುತ್ತಾರೆ. ಇಪ್ಪತ್ತೈದರ ನಟನೂ ಅದನ್ನು ನೋಡಿಯೇ ಮಾತನಾಡುತ್ತಾನೆ. ನೀವೂ ಆ ಸೌಕರ್ಯವನ್ನು ಇಡೀ ತಂಡಕ್ಕೆ ಕಲ್ಪಿಸಿದರೆ ಅದು ಹಿರಿಯರೊಬ್ಬರಿಗೆ ತೋರಿಸಿದ ರಿಯಾಯಿತಿಯಂತೆ ಕಾಣುವುದಿಲ್ಲ.

ಆ ರಾತ್ರಿ ಟೀನಾ ಫೇ, ಏಮಿ ಪೋಲರ್, ಮಾಯಾ ರುಡಾಲ್ಫ್, ಮೊಲಿ ಶಾನನ್ ಮೊದಲಾದ ಆ ಕಾರ್ಯಕ್ರಮದ ಹಳೆಯ ನಟಿಯರು ಮರಳಿ ಬಂದು ಅವರೊಡನೆ ಅಭಿನಯಿಸಿದರು ಎಂಬುದನ್ನೂ ಗಮನಿಸಿರಿ. ಮಾತು ತಪ್ಪಿದರೆ ಎತ್ತಿಕೊಳ್ಳಬಲ್ಲ ಅನುಭವಿಗಳು ಅವರ ಸುತ್ತಲೂ ಇದ್ದರು. ಆ ಒಂದು ರಾತ್ರಿಯ ಅಭಿನಯಕ್ಕೆ ಬೆಟ್ಟಿ ವೈಟ್ ಅವರಿಗೆ ಅಮೆರಿಕದ ದೂರದರ್ಶನ ರಂಗದ ದೊಡ್ಡ ಪುರಸ್ಕಾರವಾದ ಎಮ್ಮಿ ಪ್ರಶಸ್ತಿ ದೊರೆಯಿತು.

ಉತ್ತರ: ಹುಬ್ಬಳ್ಳಿಯಿಂದ

ಗದಗದವರು ಹೇಳಿದ್ದರಲ್ಲಿ ಒಂದನ್ನು ನಾನು ಒಪ್ಪಲಾರೆ. ಬರೆದ ರಟ್ಟು ದೂರದರ್ಶನಕ್ಕೆ ಸರಿ, ಏಕೆಂದರೆ ಅಲ್ಲಿ ರಟ್ಟನ್ನು ನೋಡುವ ಕಣ್ಣು ಬಹುಮಟ್ಟಿಗೆ ಕ್ಯಾಮೆರಾವನ್ನೇ ನೋಡಿದಂತಿರುತ್ತದೆ. ನಮ್ಮ ಸಭಾಗೃಹಗಳಲ್ಲಿ ಪ್ರೇಕ್ಷಕರು ಎದುರಿನ ಉದ್ದಗಲಕ್ಕೂ ಕುಳಿತಿರುತ್ತಾರೆ. ನಟಿಯ ನೋಟ ಒಂದೇ ಮೂಲೆಗೆ ನೆಟ್ಟರೆ ಹಿಂದಿನ ಸಾಲಿನವರಿಗೂ ಅದು ಗೊತ್ತಾಗುತ್ತದೆ. ಕಂಪನಿಯಲ್ಲಿ ಬೆಳೆದವರಿಗೆ ಕಣ್ಣಿಗಿಂತ ಕಿವಿ ಹೆಚ್ಚು ಪಳಗಿರುತ್ತದೆ. ನನ್ನ ದೊಡ್ಡವ್ವ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಇದ್ದವಳು. ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಮಾತು ನೆನಪಿಸಲು ನಿಂತ ಪ್ರಾಂಪ್ಟರ್ ಮಾತಿನ ಮೊದಲ ಎರಡು ಅಕ್ಷರಗಳನ್ನು ಉಸುರಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ನಾಲಿಗೆಗೆ ಬರುತ್ತಿತ್ತೆಂದು ಅವಳು ಹೇಳುತ್ತಿದ್ದಳು. ಹಾಗಾಗಿ ಒಳ್ಳೆಯ ಪ್ರಾಂಪ್ಟರ್ ಒಬ್ಬರನ್ನು ಗೊತ್ತುಮಾಡಿಕೊಳ್ಳಿರಿ, ಮತ್ತು ಮೊದಲ ತಾಲೀಮಿನಿಂದಲೇ ಅವರನ್ನು ಕೂರಿಸಿರಿ. ಕೊನೆಯ ದಿನ ಬಂದ ಪ್ರಾಂಪ್ಟರಿಗೆ ನಟಿಯ ಉಸಿರಿನ ಲಯ ತಿಳಿಯುವುದಿಲ್ಲ. ಆಕೆ ನಗೆಗಾಗಿ ತಡೆದು ನಿಂತಾಗ ಮರೆತಳೆಂದು ಭಾವಿಸಿ ಅವನು ಮಾತು ಕೂಗಿಬಿಟ್ಟರೆ ಇಡೀ ಪ್ರಹಸನ ಹಾಳಾಗುತ್ತದೆ.

ಶಾಲಿನ ವಿಷಯದಲ್ಲಿ ನಿಮ್ಮ ಮಾತೇ ಸರಿ. ನನ್ನ ದೊಡ್ಡವ್ವನನ್ನು ಒಂದು ಸಮಾರಂಭಕ್ಕೆ ಸನ್ಮಾನಕ್ಕೆಂದು ಕರೆದು ಎರಡು ತಾಸು ವೇದಿಕೆಯ ಮೇಲೆ ಸುಮ್ಮನೆ ಕೂರಿಸಿದ್ದರು. ಒಂದು ರಂಗಗೀತೆ ಹಾಡಲು ಅವಳು ಸಿದ್ಧಳಾಗಿ ಬಂದಿದ್ದಳು. ಅವಳನ್ನು ಯಾರೂ ಕೇಳಲೇ ಇಲ್ಲ. ಮನೆಗೆ ಬಂದು ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಕಂಪನಿ ನಾಟಕದ ಹಿರಿಯ ನಟ ಏಣಗಿ ಬಾಳಪ್ಪನವರು ತೊಂಬತ್ತು ದಾಟಿದ ಮೇಲೂ ರಂಗಗೀತೆ ಹಾಡಿದ್ದನ್ನು ಕಂಡ ಸೀಮೆ ನಮ್ಮದು. ಹಾಡಬಲ್ಲವರಿಗೆ ಹಾಡಲು ಬಿಡಬೇಕು.

ಉತ್ತರ: ಹಾವೇರಿಯಿಂದ

ಪ್ರಹಸನಗಳನ್ನು ಬರೆಯುವವರಿಗೆ ಒಂದು ಮಾತು. ಕಿವಿ ಕೇಳದ ಮುದುಕಿ, ಕನ್ನಡಕ ಹುಡುಕುವ ಮುದುಕಿ ಎಂಬ ಪಾತ್ರಗಳನ್ನು ದಯವಿಟ್ಟು ಬರೆಯಬೇಡಿರಿ. ಬೆಟ್ಟಿ ವೈಟ್ ಅವರ ಒಂದು ಪ್ರಹಸನದಲ್ಲಿ ಜನಗಣತಿಗೆ ಬಂದ ಅಧಿಕಾರಿಯಾಗಿ ಟೀನಾ ಫೇ ಬಾಗಿಲಲ್ಲಿ ನಿಂತು ಸರಳವಾದ ಪ್ರಶ್ನೆಗಳನ್ನು ಕೇಳುತ್ತಾರೆ. ಮನೆಯೊಡತಿ ಒಂದಕ್ಕೂ ನೇರ ಉತ್ತರ ಕೊಡುವುದಿಲ್ಲ. ಅಲ್ಲಿ ಕಂಗೆಡುವುದು ಅಧಿಕಾರಿ, ಆಟ ನಡೆಸುವುದು ಮನೆಯೊಡತಿ. ವಯಸ್ಸಾದವರು ಪಾತ್ರದಲ್ಲಿರಲಿ, ಆದರೆ ನಗೆಯ ಲಗಾಮು ಅವರ ಕೈಯಲ್ಲಿಯೇ ಇರಲಿ. 2025ರ ಸಮೀಕ್ಷೆಗೆ ಮೊಬೈಲ್ ಹಿಡಿದು ಮನೆಮನೆ ತಿರುಗಿದ ಶಿಕ್ಷಕರನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮ ಕಡೆಯ ಅವ್ವ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ತಾನೇ ಅವರ ಮನೆತನದ ಸಮೀಕ್ಷೆ ಮಾಡುವಂತೆ ಬರೆಯಬಹುದಲ್ಲವೇ?

ಪ್ರಶ್ನೆ ಕೇಳಿದವರಿಂದ: ಧಾರವಾಡ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಅವರ ಮನೆಗೆ ಹೋಗಿ ಇವೆಲ್ಲವನ್ನೂ ಓದಿ ಹೇಳಿದೆ. 88ರ ಮಾತು ಕೇಳಿ, “ಹಾಗಾದರೆ ನಾನಿನ್ನೂ ಸಣ್ಣವಳು” ಎಂದರು. ಬರೆದ ರಟ್ಟು ಬೇಡ, ಪ್ರಾಂಪ್ಟರ್ ಬೇಕು ಎಂದು ನಾನು ಕೇಳುವ ಮೊದಲೇ ಹೇಳಿದರು. ಸಮೀಕ್ಷೆಯ ಪ್ರಹಸನ ಅವರಿಗೆ ಬಹಳ ಹಿಡಿಸಿತು. ಶಿಕ್ಷಕನ ಪಾತ್ರಕ್ಕೆ ಎದುರುಮಾತು ಕೊಡಬಲ್ಲ ಹುಡುಗನನ್ನೇ ಹಾಕಬೇಕೆಂದು ತಾಕೀತು ಮಾಡಿದ್ದಾರೆ. ಆರಂಭದ ಮಾತಿನ ಬದಲು ಒಂದು ರಂಗಗೀತೆ ಹಾಡುತ್ತೇನೆಂದೂ, ಅದಕ್ಕೆ ಕಾಲುಪೆಟ್ಟಿಗೆಯ (ಕಾಲಿನಿಂದ ಗಾಳಿ ಒತ್ತಿ ನುಡಿಸುವ ಹಾರ್ಮೋನಿಯಂ) ಸಾಥ್ ಬೇಕೆಂದೂ ಕೇಳಿದ್ದಾರೆ. ಸೋಮವಾರದಿಂದ ಸಂಜೆ ನಾಲ್ಕಕ್ಕೆ ತಾಲೀಮು ಆರಂಭವಾಗುತ್ತದೆ. ಕಾಲುಪೆಟ್ಟಿಗೆ ನುಡಿಸುವ ಮಾಸ್ತರರು ಮತ್ತು ಹಳೆಯ ಪ್ರಾಂಪ್ಟರ್ ಯಾರಾದರೂ ಹುಬ್ಬಳ್ಳಿಯವರ ಪರಿಚಯದಲ್ಲಿದ್ದರೆ, ಅವರನ್ನು ಒಮ್ಮೆ ಕೇಳಿ ನೋಡಬೇಕಾಗಿ ವಿನಂತಿ.