ಪಂಪ್‌ಹೌಸ್ ಕರೆಂಟ್ ಬಿಲ್ ಇಳಿಸೋಕೆ ಡ್ರೈವ್ ಹಾಕಿಸಬೇಕಾ?

ನಾಲೆಬದಿ ಜೆಇ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ನೀರು ಸರಬರಾಜು, ಯುಜಿಡಿ (ಒಳಚರಂಡಿ) ಎರಡೂ ನನ್ನ ಕೈಲಿದೆ. ಓದಿದ್ದು ಸಿವಿಲ್, ತಲೆನೋವೆಲ್ಲ ಎಲೆಕ್ಟ್ರಿಕಲ್‌ದು.

ಹೇಮಾವತಿ ನಾಲೆಯಲ್ಲಿ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳುತ್ತೇವೆ. ಅಲ್ಲಿಂದ ದಿಬ್ಬದ ಮೇಲಿನ ಶುದ್ಧೀಕರಣ ಘಟಕಕ್ಕೆ 150 ಎಚ್‌ಪಿ ವಿಟಿ (ವರ್ಟಿಕಲ್ ಟರ್ಬೈನ್) ಪಂಪ್‌ನಲ್ಲಿ ಎತ್ತುತ್ತೇವೆ. ಎತ್ತರ 62 ಮೀಟರ್. ದಿನಕ್ಕೆ ಹತ್ತಿರ ಹತ್ತಿರ 20 ಗಂಟೆ ಓಡುತ್ತದೆ. ಅದೇ ತರದ ಇನ್ನೊಂದು ಪಂಪ್ ಸ್ಟ್ಯಾಂಡ್‌ಬೈ ಇದೆ. ಇದಲ್ಲದೆ ಒಂದಷ್ಟು ಕೊಳವೆಬಾವಿ, ಎರಡು ವೆಟ್‌ವೆಲ್ (ಕೊಳಚೆ ಕೂಡಿಸಿ ಪಂಪ್ ಮಾಡುವ ಬಾವಿ), ಒಂದು ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ).

ನೀರಿನ ಕಂದಾಯ ಎಷ್ಟೇ ವಸೂಲಿ ಮಾಡಿದರೂ ಬೆಸ್ಕಾಂ ಬಿಲ್‌ಗೆ ಸಾಲುತ್ತಿಲ್ಲ. ಒಬ್ಬ ಸಪ್ಲೈಯರ್ ಬಂದು "ಎಲ್ಲ ಪಂಪ್‌ಗೂ ವಿಎಫ್‌ಡಿ (ಮೋಟಾರ್ ವೇಗ ಏರಿಳಿಸುವ ಡ್ರೈವ್) ಹಾಕಿಸಿ, 30 ಪರ್ಸೆಂಟ್ ಉಳಿತಾಯ ಗ್ಯಾರಂಟಿ" ಅಂತ ಹೇಳಿ ಹೋಗಿದ್ದಾನೆ. ಸಾಹೇಬರು ಪ್ರಸ್ತಾವನೆ ಬರೆದು ತನ್ನಿ ಅಂದಿದ್ದಾರೆ. ಬರೆಯಲಾ?

ಹಳೇ ಪಂಪ್‌ಹೌಸ್

ಬರೆಯಬೇಡಿ ಅಮ್ಮ, ಸ್ವಲ್ಪ ತಡೆಯಿರಿ. ಪಂಪ್‌ಗಳ ಜೊತೆಯೇ ಕೂದಲು ಬೆಳ್ಳಗಾದವನು ನಾನು, ಅದಕ್ಕೆ ಹೇಳುತ್ತಿದ್ದೇನೆ.

ಡ್ರೈವ್ ಒಳ್ಳೆಯ ಸಾಮಾನೇ. ಆದರೆ ಅದರ ಲಾಭ ಕಾಣುವುದು ಪೈಪಿನ ಘರ್ಷಣೆಯೇ ದೊಡ್ಡದಾಗಿರುವ ಕಡೆ. ಅಲ್ಲಿ ವೇಗ 80 ಪರ್ಸೆಂಟ್‌ಗೆ ಇಳಿಸಿದರೆ ಪವರ್ ಸುಮಾರು ಅರ್ಧಕ್ಕೆ ಬರುತ್ತದೆ. ನಿಮ್ಮ ಸಪ್ಲೈಯರ್ ತೋರಿಸಿರುವುದು ಈ ಗ್ರಾಫನ್ನೇ ಇರಬೇಕು. ನಿಮ್ಮಲ್ಲಿ 62 ಮೀಟರ್ ಬರೀ ಎತ್ತರ. ವೇಗ ಇಳಿಸಿದರೆ ದಿಬ್ಬ ತಗ್ಗುತ್ತದಾ? ಪಂಪ್ ಕೊಡುವ ಹೆಡ್ (ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಅನ್ನುವ ಅಳತೆ) ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. ವಾಲ್ವ್ ಮುಚ್ಚಿದಾಗ 95 ಮೀಟರ್ ತೋರಿಸುವ ಪಂಪ್ ಅಂದುಕೊಳ್ಳಿ. 80 ಪರ್ಸೆಂಟ್ ವೇಗದಲ್ಲಿ ಅದು 61 ಮೀಟರ್‌ಗೆ ನಿಲ್ಲುತ್ತದೆ. ಮೋಟಾರ್ ತಿರುಗುತ್ತದೆ, ಮೀಟರ್ ಓಡುತ್ತದೆ, ಮೇಲೆ ಒಂದು ಹನಿ ಬೀಳುವುದಿಲ್ಲ.

ಮೊದಲು ಒಂದು ಕಿಲೋಲೀಟರ್ ನೀರಿಗೆ ಎಷ್ಟು ಯೂನಿಟ್ ಹೋಗುತ್ತಿದೆ ಅಂತ ಅಳೆಯಿರಿ. ಸಾವಿರ ಲೀಟರನ್ನು 1 ಮೀಟರ್ ಎತ್ತಲು, ಏನೂ ನಷ್ಟ ಇಲ್ಲದಿದ್ದರೆ, ಬೇಕಾಗುವುದು 2.725 ವ್ಯಾಟ್ ಅವರ್ (ಸಾವಿರ ವ್ಯಾಟ್ ಅವರ್ ಅಂದರೆ 1 ಯೂನಿಟ್). ಇದೊಂದು ಅಂಕಿ ಗೋಡೆ ಮೇಲೆ ಬರೆಸಿಡಿ. ಫ್ಲೋ ಮೀಟರ್ ಕೆಟ್ಟಿರುತ್ತದೆ, ಗೊತ್ತು. ಮೇಲಿನ ಸಂಪ್‌ನ ಔಟ್‌ಲೆಟ್ ಅರ್ಧ ಗಂಟೆ ಮುಚ್ಚಿಸಿ. ನೀರು ಎಷ್ಟು ಏರಿತು ಅಂತ ಟೇಪ್ ಇಳಿಬಿಟ್ಟು ನೋಡಿ. ಅದೇ ಹೊತ್ತಿಗೆ ಕೆಳಗೆ ಒಬ್ಬರು ಎನರ್ಜಿ ಮೀಟರ್ ಓದಲಿ. ಪ್ರೆಶರ್ ಗೇಜ್ ಹೊಸದು ಹಾಕಿಸಿಕೊಳ್ಳಿ. ಪಂಪ್‌ಹೌಸ್‌ಗಳಲ್ಲಿ ಗೇಜ್ ಅಂದರೆ ದೃಷ್ಟಿಬೊಂಬೆ ಇದ್ದಂತೆ, ಸುಮ್ನೆ ತೂಗುಹಾಕಿರುತ್ತಾರೆ.

ಎಸ್‌ಟಿಪಿ ಮಾತು ಬೇರೆ. ಅಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ತಿನ್ನುವುದು ಗಾಳಿ ಊದುವ ಬ್ಲೋವರ್. ಏರೇಶನ್ ಟ್ಯಾಂಕ್‌ನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಸಾಕು. ರಾತ್ರಿ ಕೊಳಚೆ ಕಮ್ಮಿ ಬರುವಾಗಲೂ ಅಷ್ಟೇ ಜೋರಾಗಿ ಊದುತ್ತಿದ್ದರೆ ಅದು ದಂಡ. ಡ್ರೈವ್ ಬೇಕಾದರೆ ಅಲ್ಲಿ ಹಾಕಿ, ಆಮ್ಲಜನಕದ ಸೆನ್ಸರ್ ಸಮೇತ. ವೆಟ್‌ವೆಲ್‌ಗಳಲ್ಲಿ ಪಂಪ್‌ನ ಇಂಪೆಲ್ಲರ್‌ಗೆ (ನೀರು ತಳ್ಳುವ ಚಕ್ರ) ಬಟ್ಟೆ, ಪ್ಲಾಸ್ಟಿಕ್ ಸುತ್ತಿಕೊಂಡಿದೆಯಾ ನೋಡಿ. ಜಾಲರಿ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿಯಿತು.

ಕೋಲಾರಮ್ಮನ ಕೆರೆ

ಹಿರಿಯರ 2.725 ಇಟ್ಟುಕೊಂಡು ನಮ್ಮ ಕೋಲಾರದ ಲೆಕ್ಕ ಹಾಕಿದೆ, ತಲೆ ತಿರುಗಿತು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆ ಕೆ.ಸಿ. ವ್ಯಾಲಿ ಯೋಜನೆ 440 ಎಂಎಲ್‌ಡಿಯದ್ದು (ದಿನಕ್ಕೆ ಇಷ್ಟು ದಶಲಕ್ಷ ಲೀಟರ್). ಅಂದರೆ 4.4 ಲಕ್ಷ ಕಿಲೋಲೀಟರ್. ಅಷ್ಟನ್ನು ಬರೀ 10 ಮೀಟರ್ ಏರಿಸಲು ದಿನಕ್ಕೆ ಸುಮಾರು 12 ಸಾವಿರ ಯೂನಿಟ್ ಬೇಕು, ಅದೂ ನಷ್ಟ ಸೊನ್ನೆ ಇದ್ದರೆ!

ಆದರೂ ಕೊಳವೆಬಾವಿಗಿಂತ ವಾಸಿ. ನಮ್ಮ ಕಡೆ 1200 ಅಡಿ ಕೊರೆಯುವುದು ಮಾಮೂಲು. ಅಂದರೆ ಒಂದು ಕಿಲೋಲೀಟರನ್ನು 366 ಮೀಟರ್ ಎತ್ತಲು ಹೆಚ್ಚುಕಮ್ಮಿ 1 ಯೂನಿಟ್. ಸಬ್‌ಮರ್ಸಿಬಲ್ ಅರ್ಧ ನುಂಗಿದರೆ ಕಿಲೋಲೀಟರಿಗೆ 2 ಯೂನಿಟ್.

ಹಳೇ ಪಂಪ್‌ಹೌಸ್

ಒಂದು ತಿದ್ದುಪಡಿ. 1200 ಅಡಿ ಕೊರೆದರೆ 1200 ಅಡಿಯಿಂದ ಎತ್ತುತ್ತೀರಿ ಅಂತಲ್ಲ. ಪಂಪ್ ನಡೆಯುವಾಗ ನೀರು ಯಾವ ಮಟ್ಟದಲ್ಲಿ ನಿಲ್ಲುತ್ತದೋ ಅಲ್ಲಿಂದ ಲೆಕ್ಕ. ಅದು 800 ಅಡಿ ಇದ್ದರೆ ನಿಮ್ಮ 2 ಯೂನಿಟ್ 1.3 ಆಯಿತು. ಮೇಲೆ ಟ್ಯಾಂಕ್‌ಗೆ ಏರಿಸುವುದನ್ನು ಸೇರಿಸಿಕೊಳ್ಳಿ. ಮಾತಿನ ದಿಕ್ಕು ಮಾತ್ರ ಸರಿ. ಕೆರೆ ನೀರು ಸಿಗುವಾಗ ಕೊಳವೆಬಾವಿಗೆ ರಜೆ ಕೊಡಬೇಕು.

ಲೆಡ್ಜರ್ ಲಕ್ಷ್ಮಿ

ನಾನು ಒಂದು ಪುರಸಭೆಯ ಅಕೌಂಟ್ಸ್‌ನವಳು. ಪಂಪ್ ಬಗ್ಗೆ ಏನೂ ಗೊತ್ತಿಲ್ಲ, ಬಿಲ್ ಗೊತ್ತು. ಮೇಡಂ, ನಿಮ್ಮ ಆರ್.ಆರ್. ನಂಬರ್‌ಗಳ (ಒಂದೊಂದು ಕರೆಂಟ್ ಸಂಪರ್ಕದ ನಂಬರ್) ಪಟ್ಟಿ ಹಿಡಿದುಕೊಂಡು ವಾಟರ್‌ಮ್ಯಾನ್‌ಗಳ ಜೊತೆ ಕೂತುಕೊಳ್ಳಿ. ಬತ್ತಿಹೋಗಿ ಮೋಟಾರ್ ಎತ್ತಿಟ್ಟ ಕೊಳವೆಬಾವಿಗಳ ಸಂಪರ್ಕ ಇನ್ನೂ ಜೀವಂತ ಇರುತ್ತದೆ. ಒಂದು ಯೂನಿಟ್ ಉರಿಯದಿದ್ದರೂ ನಿಗದಿತ ಶುಲ್ಕ ತಿಂಗಳು ತಿಂಗಳು ಬರುತ್ತದೆ. ನಮ್ಮಲ್ಲಿ ಅಂಥವು ಸಾಲುಗಟ್ಟಿ ಸಿಕ್ಕಿದವು. ಯಾರೂ ಅರ್ಜಿ ಕೊಟ್ಟು ಕಡಿತ ಮಾಡಿಸಿರಲಿಲ್ಲ, ಅಷ್ಟೇ.

ಎಚ್‌ಟಿ (ಹೈ ಟೆನ್ಶನ್) ಬಿಲ್‌ನಲ್ಲಿ ಪವರ್ ಫ್ಯಾಕ್ಟರ್ ನೋಡಿ, ಎಳೆದ ಕರೆಂಟ್‌ನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬಂತು ಅನ್ನುವ ಅಂಕಿ ಅದು. 0.90ರ ಕೆಳಗೆ ಇಳಿದರೆ ದಂಡ. ಅದನ್ನು ಸರಿಯಾಗಿಡುವ ಕೆಪಾಸಿಟರ್ ಸುಟ್ಟಿರುತ್ತದೆ, ಬದಲಿಸಲು ಹೆಚ್ಚು ಖರ್ಚಿಲ್ಲ. ಕಾಂಟ್ರಾಕ್ಟ್ ಡಿಮ್ಯಾಂಡ್ (ಒಪ್ಪಂದದ ಗರಿಷ್ಠ ಲೋಡ್) ಮೀರಿದ್ದೀರಾ ಅಂತಲೂ ಅದೇ ಹಾಳೆಯಲ್ಲಿದೆ. ಕರೆಂಟ್ ಹೋಗಿ ಬಂದ ಕೂಡಲೇ ಎಲ್ಲ ಮೋಟಾರ್ ಒಟ್ಟಿಗೆ ಚಾಲು ಮಾಡುವ ಅಭ್ಯಾಸ ಇದ್ದರೆ ಬಿಡಿಸಿ.

ನಾಲೆಬದಿ ಜೆಇ

ಎಲ್ಲರಿಗೂ ಥ್ಯಾಂಕ್ಸ್. ಅಳೆದೆ. ಸಂಪ್ 14 ಮೀಟರ್ ಉದ್ದ, 10 ಮೀಟರ್ ಅಗಲ. ಅರ್ಧ ಗಂಟೆಯಲ್ಲಿ ನೀರು ಸರಿಯಾಗಿ 1 ಮೀಟರ್ ಏರಿತು, ಅಂದರೆ 140 ಕಿಲೋಲೀಟರ್. ಮೀಟರ್ 55 ಯೂನಿಟ್ ಓಡಿತು. ಹೊಸ ಗೇಜ್‌ನಲ್ಲಿ 7.2 ಕೆಜಿ. ಗೇಜ್‌ನಿಂದ ಜಾಕ್‌ವೆಲ್ (ಪಂಪ್ ನೀರೆಳೆಯುವ ಬಾವಿ) ನೀರಿಗೆ 6 ಮೀಟರ್. ವಾಲ್ವ್ ಪೂರ್ತಿ ತೆರೆದಿತ್ತು.

ಹಳೇ ಪಂಪ್‌ಹೌಸ್

ಭೇಷ್. ಗೇಜ್‌ನ 7.2 ಕೆಜಿ ಒತ್ತಡ ಅಂದರೆ 72 ಮೀಟರ್, ಜೊತೆಗೆ 6, ಒಟ್ಟು 78 ಮೀಟರ್. ಅದಕ್ಕೆ ಬೇಕಾದ್ದು ಕಿಲೋಲೀಟರಿಗೆ 0.213 ಯೂನಿಟ್. ನೀವು ಕೊಡುತ್ತಿರುವುದು 0.393. ಅಂದರೆ ಪಂಪ್, ಮೋಟಾರ್ ಸೇರಿ 54 ಪರ್ಸೆಂಟ್ ದಕ್ಷತೆ. ಈ ಗಾತ್ರದ ಸೆಟ್ 70ರ ಮೇಲೆ ಇರಬೇಕು. 72ಕ್ಕೆ ತಂದರೆ 0.295. ನಿಮ್ಮ 20 ಗಂಟೆ ಓಟಕ್ಕೆ ದಿನಕ್ಕೆ 550 ಯೂನಿಟ್ ಹತ್ತಿರ ಉಳಿಯುತ್ತದೆ, ಡ್ರೈವ್ ಇಲ್ಲದೆ.

78ರಲ್ಲಿ ಎತ್ತರದ 62 ಕಳೆದರೆ ಘರ್ಷಣೆ ಬರೀ 16 ಮೀಟರ್, ಹಾಗಾಗಿ ಪೈಪ್ ತಂಟೆಗೆ ಹೋಗಬೇಡಿ. ಬೌಲ್ (ಇಂಪೆಲ್ಲರ್ ಕೂರುವ ಭಾಗ) ಬಿಚ್ಚಿಸಿ. ಇಂಪೆಲ್ಲರ್, ವೇರಿಂಗ್ ರಿಂಗ್ ಸವೆದಿರುತ್ತದೆ, ಎತ್ತಿದ ನೀರು ಒಳಗೊಳಗೇ ವಾಪಸ್ ಜಾರುತ್ತಿರುತ್ತದೆ. ಮೋಟಾರ್ ಎಷ್ಟು ಸಲ ರಿವೈಂಡ್ (ಸುಟ್ಟ ತಂತಿ ಮತ್ತೆ ಸುತ್ತಿಸುವುದು) ಆಗಿದೆ ಅಂತ ಲಾಗ್ ಬುಕ್‌ನಲ್ಲಿ ಹುಡುಕಿ. ರಿಪೇರಿಯವನಿಗೆ ಬಿಲ್ ಪಾಸ್ ಮಾಡುವ ಮುಂಚೆ ಇದೇ ಟೇಪ್ ಪರೀಕ್ಷೆ ಅವನ ಎದುರಿಗೇ ಮಾಡಿ. ಷರತ್ತನ್ನು ಟೆಂಡರ್‌ನಲ್ಲೇ ಬರೆಯಿರಿ. ಬೇಸಿಗೆಯಲ್ಲಿ ಕೆರೆ ಇಳಿದಾಗ ಎತ್ತರ ಜಾಸ್ತಿ ಆಗುತ್ತದೆ, ಆಗ ಇನ್ನೊಮ್ಮೆ ಅಳೆಯಿರಿ.

ಸ್ಟ್ಯಾಂಡ್‌ಬೈ ಅಳೆದಿರಾ? ಎರಡಕ್ಕೂ ಸಮ ಗಂಟೆ ಹಂಚುವುದು ಎಲ್ಲ ಕಡೆ ಅಭ್ಯಾಸ. ಚೆನ್ನಾಗಿರುವುದನ್ನು ಜಾಸ್ತಿ ಓಡಿಸಲು ಯಾರ ಮಂಜೂರಾತಿಯೂ ಬೇಕಿಲ್ಲ.

ನಾಲೆಬದಿ ಜೆಇ

ಅಳೆದೆ ಸರ್. ಅದು ಕಿಲೋಲೀಟರಿಗೆ 0.34 ಯೂನಿಟ್. ಈಗ ಅದನ್ನೇ ಓಡಿಸುತ್ತಿದ್ದೇವೆ, ಮೊದಲನೆಯದರ ಬೌಲ್‌ಗೆ ಕೊಟೇಶನ್ ಕರೆದಿದ್ದೇನೆ. ಡ್ರೈವ್ ಪ್ರಸ್ತಾವನೆ ಎಸ್‌ಟಿಪಿ ಬ್ಲೋವರ್‌ಗೆ ಮಾತ್ರ ಬರೆದೆ. ಲಕ್ಷ್ಮಿ ಮೇಡಂ, ಆರ್.ಆರ್. ನಂಬರ್ ಪಟ್ಟಿ ಅರ್ಧ ಮುಗಿದಿದೆ. ಕಡಿತಕ್ಕೆ ಅರ್ಜಿ ಜೊತೆ ಏನೇನು ಲಗತ್ತಿಸಿದ್ದಿರಿ, ಸ್ವಲ್ಪ ಹೇಳುತ್ತೀರಾ?