ಪರೀಕ್ಷೆ ಮೊದಲೋ, ಪ್ರಶ್ನೆ ಮೊದಲೋ

ರಾಘವ ಚಿಕ್ಕಪ್ಪ: (ಫಾರ್ವರ್ಡ್) “ವೈದ್ಯರು ಊಹಿಸುತ್ತಾರೆ, ಯಂತ್ರ ತಿಳಿಸುತ್ತದೆ. ಪ್ರಶ್ನೋತ್ತರದಲ್ಲಿ ಸಮಯ ಕಳೆಯದೆ ಮೊದಲು ಎಲ್ಲ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಿ.” ಇದು ನನಗೆ ಬಹುಮಟ್ಟಿಗೆ ಸರಿಯೆನಿಸಿತು. ರೋಗಿ ಮರೆಯಬಹುದು, ತಪ್ಪು ಹೇಳಬಹುದು. ರಕ್ತ ಸುಳ್ಳು ಹೇಳುವುದಿಲ್ಲ.

ಸುಮಾ: ಚಿಕ್ಕಪ್ಪ, ದಯವಿಟ್ಟು ಇದನ್ನು ಬೇರೆ ಗುಂಪುಗಳಿಗೆ ಕಳುಹಿಸಬೇಡಿ. ಎದೆನೋವೆಂದು ಒಬ್ಬರು ಬಂದರೆ, ಅವರು ಮಾತು ಮುಗಿಸುವ ಮೊದಲೇ ವೈದ್ಯರಾದ ನಮ್ಮ ಮನಸ್ಸಿನಲ್ಲಿ ಕೆಲವು ಸಾಧ್ಯತೆಗಳು ಎದ್ದಿರುತ್ತವೆ: ಹೃದಯಾಘಾತ, ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಗೋಡೆಯ ಸೀಳು, ಆಮ್ಲದ ಉರಿ, ಸ್ನಾಯುನೋವು. ಅನಂತರ ಕೇಳುವ ಒಂದೊಂದು ಪ್ರಶ್ನೆಯೂ ಇವುಗಳಲ್ಲಿ ಕೆಲವನ್ನು ಬಲಪಡಿಸುತ್ತದೆ, ಕೆಲವನ್ನು ಹಿಂದಕ್ಕೆ ಸರಿಸುತ್ತದೆ. ನಡೆದಾಗ ಹೆಚ್ಚಿ ನಿಂತಾಗ ಇಳಿಯುವ ನೋವು ಹೃದಯದ ಕಡೆಗೆ ನೋಡುವಂತೆ ಮಾಡಿದರೆ, ಒಮ್ಮೆಲೇ ಸೀಳಿದಂತೆ ಶುರುವಾಗಿ ಬೆನ್ನಿಗೆ ಹರಡಿದ ನೋವು ಮಹಾಪಧಮನಿಯನ್ನು ನೆನಪಿಸುತ್ತದೆ. ಆ ಸೀಳನ್ನು ಹೃದಯಾಘಾತವೆಂದು ಬಗೆದು ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಅಪಾಯ. ಇದನ್ನು ಊಹೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಪ್ರಕಾಶ: ಸುಮಕ್ಕ, ಕೊನೆಗೆ ತೀರ್ಮಾನಿಸುವುದು ಹೃದಯಾಘಾತಕ್ಕೆಂದು ಮಾಡುವ ಟ್ರೋಪೊನಿನ್ ರಕ್ತಪರೀಕ್ಷೆಯೇ ಅಲ್ಲವೇ?

ಸುಮಾ: ಹೃದಯದ ಸ್ನಾಯುವಿಗೆ ಪೆಟ್ಟಾಗಿದೆ ಎಂಬುದನ್ನು ಟ್ರೋಪೊನಿನ್ ತಿಳಿಸುತ್ತದೆ, ಏಕೆ ಆಯಿತೆಂಬುದನ್ನು ತಿಳಿಸುವುದಿಲ್ಲ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯಿದ್ದವರಲ್ಲಿಯೂ ಅದು ಏರಿರಬಹುದು, ಹೃದಯಾಘಾತದ ಆರಂಭದಲ್ಲಿ ಸಹಜ ಮಟ್ಟದಲ್ಲಿಯೂ ಇರಬಹುದು. ಆದ್ದರಿಂದಲೇ ಕೆಲವು ಗಂಟೆಗಳ ಅಂತರದಲ್ಲಿ ಮತ್ತೊಮ್ಮೆ ನೋಡುತ್ತೇವೆ. ಇನ್ನು ಎಲ್ಲರಿಗೂ ಎಲ್ಲ ಪರೀಕ್ಷೆ ಎಂಬ ಮಾತಿಗೆ ಒಂದು ಲೆಕ್ಕ ಸಾಕು. 1000 ಜನರಲ್ಲಿ ಒಬ್ಬರಿಗೆ ಇರುವ ರೋಗಕ್ಕೆ, ಆರೋಗ್ಯವಂತರಲ್ಲಿ ಶೇ. 5ರಷ್ಟು ಮಂದಿಗೆ ತಪ್ಪಾಗಿ ‘ಪಾಸಿಟಿವ್’ ತೋರಿಸುವ ಪರೀಕ್ಷೆ ಮಾಡಿದರೆ, ನಿಜವಾದ ಒಬ್ಬ ರೋಗಿಯ ಜೊತೆಗೆ ಸುಮಾರು 50 ಮಂದಿ ಸುಮ್ಮನೆ ಹೆದರುತ್ತಾರೆ. ಅಂದರೆ ಪಾಸಿಟಿವ್ ಬಂದವರಿಗೆ ರೋಗವಿರುವ ಸಂಭವ ಶೇ. 2 ಮಾತ್ರ. 1978ರಲ್ಲಿ ಹಾರ್ವರ್ಡ್‌ನಲ್ಲಿ ಇದೇ ಪ್ರಶ್ನೆಯನ್ನು ವೈದ್ಯರು, ವೈದ್ಯ ವಿದ್ಯಾರ್ಥಿಗಳು ಸೇರಿ 60 ಜನರಿಗೆ ಕೇಳಿದಾಗ ಸರಿಯಾಗಿ ಉತ್ತರಿಸಿದವರು 11 ಮಂದಿ.

ರಾಘವ ಚಿಕ್ಕಪ್ಪ: ನಿನ್ನ ಲೆಕ್ಕವೇ ನನ್ನ ಪಕ್ಷದಲ್ಲಿದೆಯಲ್ಲಮ್ಮ! ವೈದ್ಯರೇ ಹೀಗೆ ಎಡವಿದರೆ ಅವರ ತರ್ಕವನ್ನು ನಂಬುವುದು ಹೇಗೆ?

ಸುಮಾ: ಅವರು ಎಡವಿದ್ದು ರೋಗ ಎಷ್ಟು ವಿರಳವೆಂಬುದನ್ನು ಮರೆತು ಪರೀಕ್ಷೆಯ ಫಲಿತಾಂಶವನ್ನಷ್ಟೇ ನೆಚ್ಚಿದ್ದರಿಂದ, ಚಿಕ್ಕಪ್ಪ. ಈ ಫಾರ್ವರ್ಡ್ ನಮಗೆ ಮಾಡಲು ಹೇಳುತ್ತಿರುವುದೂ ಅದನ್ನೇ.

ಮಾಲತಿ ಅತ್ತೆ: ಸುಮಾ, ನೀನು ಹೇಳುವುದನ್ನು ಒಪ್ಪುತ್ತೇನೆ, ಆದರೆ ನನ್ನ ಸುಸ್ತನ್ನು ಒಬ್ಬ ವೈದ್ಯರು ಚಿಂತೆಯಿಂದ ಬಂದದ್ದೆಂದು ಮೊದಲ ಭೇಟಿಯಲ್ಲೇ ತೀರ್ಮಾನಿಸಿಬಿಟ್ಟರು, ಥೈರಾಯ್ಡ್ ಕೊರತೆಯೆಂದು ತಿಳಿಯುವ ಹೊತ್ತಿಗೆ ತುಂಬಾ ತಡವಾಗಿತ್ತು. ರಾಘವನ ಸಿಟ್ಟಿನಲ್ಲಿ ಅರ್ಥವಿಲ್ಲವೆನ್ನಲಾರೆ.

ಸುಮಾ: ಖಂಡಿತ ಅರ್ಥವಿದೆ, ಅತ್ತೆ. ಮೊದಲು ಹೊಳೆದ ಉತ್ತರಕ್ಕೆ ಅಂಟಿಕೊಂಡು ಹುಡುಕಾಟ ನಿಲ್ಲಿಸುವುದು ನಮ್ಮ ವೃತ್ತಿಯ ಅತ್ಯಂತ ಅಪಾಯಕಾರಿ ತಪ್ಪುಗಳಲ್ಲೊಂದು. ಆದರೆ ನಿಮಗೆ ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟವರು ಮೊದಲು ಏನು ಮಾಡಿದರು?

ಮಾಲತಿ ಅತ್ತೆ: ಎಲ್ಲರಿಗಿಂತ ಹೆಚ್ಚು ಚಳಿಯಾಗುತ್ತದೆಯೇ, ಮಲಬದ್ಧತೆಯಿದೆಯೇ, ದನಿ ಒರಟಾಗಿದೆಯೇ ಎಂದು ಕೇಳಿದರು. ದನಿಯ ವಿಷಯ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ರಾಘವ ಚಿಕ್ಕಪ್ಪ: ಅಷ್ಟು ಕೇಳುವ ವ್ಯವಧಾನ ಎಷ್ಟು ವೈದ್ಯರಿಗಿದೆ? ಅದಿಲ್ಲದ ಕಡೆ ನನ್ನಂಥವನು ಪರೀಕ್ಷೆಗಳನ್ನೇ ನೆಚ್ಚುತ್ತಾನೆ.

ಸುಮಾ: ಅಂಥ ಕಡೆ ನೀವೇ ಕೇಳಿ, ಚಿಕ್ಕಪ್ಪ: “ಇದಲ್ಲದೆ ಇನ್ನೇನಿರಬಹುದು? ನಾನು ಹೇಳಿದ್ದರಲ್ಲಿ ಯಾವುದು ಇದಕ್ಕೆ ಹೊಂದುತ್ತಿಲ್ಲ?” ಇದಕ್ಕೆ ಉತ್ತರ ಕೊಡಲಾರದ ವೈದ್ಯರನ್ನು ಬಿಟ್ಟು ಇನ್ನೊಬ್ಬರ ಬಳಿಗೆ ಹೋದರೆ ನಾನು ಬೇಡವೆನ್ನುವುದಿಲ್ಲ.