ಮೂರು ಬಾರಿ ಆ್ಯಂಟಿಬಯೋಟಿಕ್ ಹಾಕಿದರೂ ನಾಯಿಯ ಕಣ್ಣಿನ ಗೀಜು ನಿಲ್ಲುತ್ತಿಲ್ಲ

ಪ್ರಶ್ನೆ: ರಾಯಚೂರು, ಜನವರಿ 12

ನಮ್ಮ ಚಿನ್ನು ಶಿಟ್ಜು ತಳಿಯ ಹೆಣ್ಣು ನಾಯಿ, ಏಳು ವರ್ಷ. ದಸರೆಯ ಹೊತ್ತಿನಲ್ಲಿ ಶುರುವಾದ ಕಣ್ಣಿನ ತೊಂದರೆ ಇನ್ನೂ ಬಿಟ್ಟಿಲ್ಲ. ಬೆಳಗ್ಗೆ ಎದ್ದಾಗ ಬಲಗಣ್ಣಿನ ರೆಪ್ಪೆಗಳು ಹಳದಿ ಗೀಜಿನಲ್ಲಿ ಅಂಟಿಕೊಂಡಿರುತ್ತವೆ. ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಬಿಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಹಗ್ಗದಂತೆ ಎಳೆ ಎಳೆಯಾಗಿ ಬರುತ್ತದೆ. ಎಡಗಣ್ಣಿನಲ್ಲಿ ಕಡಿಮೆ. ಇಲ್ಲಿಯ ತನಕ ಮೂರು ಬಾರಿ ಆ್ಯಂಟಿಬಯೋಟಿಕ್ ಹನಿ ಹಾಕಿದ್ದೇವೆ. ಹಾಕುವಷ್ಟು ದಿನ ಹಗುರವಾಗುತ್ತದೆ, ಬಾಟಲಿ ಮುಗಿದ ವಾರಕ್ಕೆ ಮತ್ತೆ ಅದೇ ಅವಸ್ಥೆ. ಎರಡನೆಯ ಬಾರಿ ಕೊಟ್ಟ ಹನಿಯಲ್ಲಿ ಸ್ಟೀರಾಯ್ಡ್ ಇತ್ತು, ಕೆಂಪು ಬೇಗ ಇಳಿದಿತ್ತು. ಅದನ್ನೇ ಅಂಗಡಿಯಿಂದ ಮತ್ತೆ ತರಲೇ? ನಂದಿಬಟ್ಟಲು ಹೂವಿನ ರಸ ಬಿಡೋಣ ಎಂದು ಅತ್ತೆಯವರು ಹೇಳುತ್ತಿದ್ದಾರೆ. ಈಗ ಬಲಗಣ್ಣಿನ ಮೇಲೆ ಮೂಗಿನ ಕಡೆಯಿಂದ ಕಂದು ಬಣ್ಣದ ಮಸುಕು ಹರಡುತ್ತಿದೆ. ಅದನ್ನು ಕಂಡಾಗಿನಿಂದ ನನಗೆ ನಿದ್ದೆ ಇಲ್ಲ.

ಉತ್ತರ: ಶಿವಮೊಗ್ಗ, ಜನವರಿ 12

ಮೇಡಂ, ಸ್ಟೀರಾಯ್ಡ್ ಹನಿಯನ್ನು ದಯವಿಟ್ಟು ತರಬೇಡಿ. ಕಣ್ಣಿನ ಪಾರದರ್ಶಕ ಪದರದ ಮೇಲೆ, ಅಂದರೆ ಕಾರ್ನಿಯಾದ ಮೇಲೆ, ಸಣ್ಣದೊಂದು ಹುಣ್ಣಿದ್ದರೂ ಸ್ಟೀರಾಯ್ಡ್ ಅದನ್ನು ಆಳಕ್ಕೆ ಇಳಿಸಿಬಿಡುತ್ತದೆ. ಹುಣ್ಣಿರುವಲ್ಲಿ ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಎಂಬ ಬಣ್ಣ ಹಾಕಿ ಹುಣ್ಣಿಲ್ಲವೆಂದು ವೈದ್ಯರು ನೋಡಿದ ಮೇಲಷ್ಟೇ ಆ ಮಾತು. ನಂದಿಬಟ್ಟಲಿನ ವಿಷಯದಲ್ಲಿ ಅತ್ತೆಯವರ ಅಕ್ಕರೆ ನನಗೆ ಅರ್ಥವಾಗುತ್ತದೆ, ನನ್ನ ಅಜ್ಜಿಯೂ ಅದನ್ನೇ ಹೇಳುತ್ತಿದ್ದರು. ಆದರೆ ಮನೆಯಲ್ಲಿ ಹಿಂಡಿದ ರಸ ಶುದ್ಧವಾಗಿರುವುದಿಲ್ಲ, ನೊಂದ ಕಣ್ಣಿಗೆ ಅದು ಬೇಡ.

ಚಿನ್ನುವಿನ ಕಣ್ಣೀರನ್ನು ಯಾರಾದರೂ ಅಳೆದಿದ್ದಾರೆಯೇ? ನಮ್ಮ ಕಾಕರ್ ಸ್ಪ್ಯಾನಿಯಲ್‌ಗೆ ಹೀಗೆಯೇ ಆಗಿತ್ತು. ಐದು ತಿಂಗಳು ಸೋಂಕು ಎಂದುಕೊಂಡೇ ಕಳೆದೆವು. ಗೀಜು ಇಷ್ಟು ಸುರಿಯುವ ಕಣ್ಣು ಒಣಗಿದ ಕಣ್ಣು ಎಂದರೆ ನಾನೂ ಮೊದಲು ನಂಬಿರಲಿಲ್ಲ. ಕಣ್ಣೀರಿನಲ್ಲಿ ನೀರು, ಲೋಳೆ, ಎಣ್ಣೆ ಮೂರೂ ಇರುತ್ತವೆ. ನೀರಿನ ಭಾಗ ಬತ್ತಿದಾಗ ಲೋಳೆ ತೊಳೆದುಹೋಗದೆ ಗಟ್ಟಿಯಾಗಿ ನಿಲ್ಲುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆ್ಯಂಟಿಬಯೋಟಿಕ್ ಅವುಗಳನ್ನು ಕೊಲ್ಲುತ್ತದೆಯೇ ಹೊರತು ಬತ್ತಿದ ಒರತೆಯನ್ನು ತುಂಬುವುದಿಲ್ಲ. ಬಾಟಲಿ ಮುಗಿದೊಡನೆ ತೊಂದರೆ ಮರಳುವುದು ಇದೇ ಕಾರಣಕ್ಕೆ. ಇಂದು ರಾತ್ರಿ ಚಿನ್ನುವಿನ ಕಣ್ಣಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಆರೋಗ್ಯದ ಕಣ್ಣಿನಲ್ಲಿ ಗೆರೆ ಚೂಪಾಗಿ ಮೂಡುತ್ತದೆ, ಒಣಕಣ್ಣಿನಲ್ಲಿ ಒಡೆದು ಮಂಕಾಗಿ ಕಾಣುತ್ತದೆ. ಇದು ಅನುಮಾನಕ್ಕೆ ಸಾಕು, ತೀರ್ಮಾನಕ್ಕೆ ಸಾಲದು.

ಉತ್ತರ: ಮೈಸೂರು, ಜನವರಿ 13

ನಾನು ಪಶುವೈದ್ಯೆ. ಕಣ್ಣನ್ನು ನೋಡದೆ ರೋಗ ಇದೇ ಎಂದು ಹೇಳಲಾರೆ. ಆದರೆ ಮುಂದಿನ ಹೆಜ್ಜೆ ಶಿರ್ಮರ್ ಪರೀಕ್ಷೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಳತೆಯ ಗುರುತುಗಳಿರುವ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯೊಳಗೆ ಒಂದು ನಿಮಿಷ ಇಟ್ಟು, ಎಷ್ಟು ದೂರ ಒದ್ದೆಯಾಯಿತು ಎಂದು ನೋಡುತ್ತಾರೆ. 15 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಹಜ. 10ಕ್ಕಿಂತ ಕಡಿಮೆಯಾಗಿ ಇಂಥ ಲಕ್ಷಣಗಳೂ ಇದ್ದರೆ ಒಣಕಣ್ಣು ಎನ್ನಬಹುದು, 5ಕ್ಕಿಂತ ಕೆಳಗೆ ತೀವ್ರ. ಮನುಷ್ಯರ ಕಣ್ಣಿಗೂ ಇದೇ ಪಟ್ಟಿ ಬಳಸುತ್ತಾರೆ, ಹಾಗಾಗಿ ನಿಮ್ಮ ವೈದ್ಯರ ಬಳಿ ಇಲ್ಲದಿದ್ದರೆ ಕಣ್ಣಾಸ್ಪತ್ರೆಯ ಪಕ್ಕದ ಔಷಧ ಅಂಗಡಿಯಲ್ಲಿ ವಿಚಾರಿಸಿ. ಹೋಗುವ ಮೊದಲು ಕಣ್ಣಿಗೆ ಯಾವ ಹನಿಯನ್ನೂ ಹಾಕಬೇಡಿ, ಅಳತೆ ಕೆಡುತ್ತದೆ.

ಕಣ್ಣು ಒಣಗಿದ್ದರೆ ಅದರ ಕಾರಣ ಹುಡುಕಲು ಇನ್ನು ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಹಿಂದೆ ಭೇದಿಗೋ ಮೂತ್ರದ ಸೋಂಕಿಗೋ ಸಲ್ಫಾ ಮಾತ್ರೆ ಕೊಟ್ಟಿದ್ದಿರಾ? ಬಲಭಾಗದ ಮೂಗಿನ ಹೊಳ್ಳೆಯೂ ಒಣಗಿ ಹೊಪ್ಪಳೆ ಕಟ್ಟುತ್ತಿದೆಯೇ? ಕಣ್ಣಿಗೆ ಯಾವುದಾದರೂ ಶಸ್ತ್ರಚಿಕಿತ್ಸೆ ಆಗಿತ್ತೇ?

ರಾಯಚೂರು, ಜನವರಿ 19

ಬಲಗಣ್ಣು 4, ಎಡಗಣ್ಣು 9. ಹುಣ್ಣಿಲ್ಲ. ಸಲ್ಫಾ ಕೊಟ್ಟಿಲ್ಲ, ಮೂಗು ಒದ್ದೆಯಾಗಿಯೇ ಇದೆ. ಶಸ್ತ್ರಚಿಕಿತ್ಸೆಯ ಬಗ್ಗೆ ನೀವು ಕೇಳಿದ ಮೇಲೆ ನೆನಪಾಯಿತು ಡಾಕ್ಟರ್. ಚಿನ್ನು ಒಂದು ವರ್ಷದವಳಿದ್ದಾಗ ಬಲಗಣ್ಣಿನ ಮೂಲೆಯಲ್ಲಿ ಕೆಂಪು ಗುಳ್ಳೆ ಎದ್ದಿತ್ತು. ಆಗ ಒಂದು ಕ್ಲಿನಿಕ್‌ನಲ್ಲಿ ಅದನ್ನು ಕತ್ತರಿಸಿ ತೆಗೆದರು. ಹತ್ತು ನಿಮಿಷದ ಕೆಲಸ ಎಂದಿದ್ದರು.

ಮೈಸೂರು, ಜನವರಿ 19

ಆ ಗುಳ್ಳೆ ಬೇಡದ ಮಾಂಸವಾಗಿರಲಿಲ್ಲ ಮೇಡಂ. ನಾಯಿಗೆ ಮೂರನೆಯ ರೆಪ್ಪೆಯೊಂದಿದೆ. ಅದರ ಬುಡದ ಗ್ರಂಥಿ ಜಾರಿ ಹೊರಬಂದಾಗ ಚೆರ್ರಿ ಹಣ್ಣಿನಂತೆ ಕಾಣುತ್ತದೆ, ಅದಕ್ಕೇ ಚೆರ್ರಿ ಐ ಎಂಬ ಹೆಸರು. ಕಣ್ಣೀರಿನ ನೀರಿನಂಶದಲ್ಲಿ ಮೂರನೆಯ ಒಂದು ಭಾಗದಷ್ಟು ಆ ಗ್ರಂಥಿಯಿಂದಲೇ ಬರುತ್ತದೆ. ಅದನ್ನು ಕತ್ತರಿಸದೆ ಒಳಗೆ ಸೇರಿಸಿ ಹೊಲಿಯಬೇಕು. ಇದನ್ನು ಓದುತ್ತಿರುವವರ ಮನೆಯಲ್ಲಿ ಮರಿನಾಯಿಗೆ ಕೆಂಪು ಗುಳ್ಳೆ ಬಂದರೆ, ಒಳಗೆ ಸೇರಿಸಿ ಹೊಲಿಯುವವರು ಸಿಗುವ ತನಕ ಹುಡುಕಿ ಎಂದು ಕೈ ಮುಗಿದು ಕೇಳುತ್ತೇನೆ.

ಎಡಗಣ್ಣೂ ಒಣಗಿರುವುದರಿಂದ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿರುವ ಸಾಧ್ಯತೆ ಹೆಚ್ಚು. ಈ ತಳಿಯಲ್ಲಿ ಅದು ಸಾಮಾನ್ಯ. ಬಲಗಣ್ಣಿನಲ್ಲಿ ಮೊದಲೇ ಒಂದು ಗ್ರಂಥಿ ಇಲ್ಲದ್ದರಿಂದ ಪೆಟ್ಟು ಜೋರಾಗಿದೆ. ಇದಕ್ಕೆ ಮುಖ್ಯ ಔಷಧ ಸೈಕ್ಲೋಸ್ಪೋರಿನ್, ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ. ಮನುಷ್ಯರಿಗೆ ಸಿಗುವ 0.05 ಶೇಕಡದ ಹನಿ ನಾಯಿಗೆ ಹಲವು ಬಾರಿ ಸಾಲದು. ನಾಯಿಗಳ ಮುಲಾಮಿನಲ್ಲಿ 0.2 ಶೇಕಡ ಇರುತ್ತದೆ. ಯಾವುದು ಎಂಬುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ.

ರಾಯಚೂರು, ಫೆಬ್ರವರಿ 9

ಮೂರು ವಾರ ತಪ್ಪದೆ ಹಾಕಿದೆ. ಗೀಜು ಅಷ್ಟೇ ಇದೆ. ಹಾಕಿದೊಡನೆ ಚಿನ್ನು ಮುಖ ಉಜ್ಜುತ್ತಾಳೆ, ಬಾಟಲಿ ಕಂಡರೆ ಮಂಚದ ಕೆಳಗೆ ಸೇರುತ್ತಾಳೆ. ಔಷಧ ಬದಲಿಸಬೇಕೇ?

ಶಿವಮೊಗ್ಗ, ಫೆಬ್ರವರಿ 9

ಈಗ ನಿಲ್ಲಿಸಬೇಡಿ ಮೇಡಂ. ನಮ್ಮಲ್ಲೂ ಐದನೆಯ ವಾರದ ತನಕ ಏನೂ ಕಾಣಲಿಲ್ಲ. ಗ್ರಂಥಿ ಚೇತರಿಸಿಕೊಳ್ಳಲು ಆರರಿಂದ ಎಂಟು ವಾರ ಬೇಕಾಗುತ್ತದೆ. ನೀವು ಹಾಕುವ ಕ್ರಮ ಹೇಗಿದೆ? ಗೀಜಿನ ಮೇಲೆಯೇ ಔಷಧ ಬಿಟ್ಟರೆ ಅದು ಕಣ್ಣನ್ನು ಮುಟ್ಟುವುದೇ ಇಲ್ಲ. ನಾನು ಮೊದಲು ಸಲೈನಿನಲ್ಲಿ ತೊಳೆದು ಒರೆಸುತ್ತೇನೆ, ನಂತರ ಸೈಕ್ಲೋಸ್ಪೋರಿನ್, ಹತ್ತು ನಿಮಿಷ ಬಿಟ್ಟು ಕೃತಕ ಕಣ್ಣೀರಿನ ಜೆಲ್. ಎರಡನ್ನೂ ಒಟ್ಟಿಗೆ ಬಿಟ್ಟರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಎದುರಿನಿಂದ ಬಾಟಲಿ ತರಬೇಡಿ. ನೆಲದ ಮೇಲೆ ಕುಳಿತು ಚಿನ್ನುವನ್ನು ಬೆನ್ನು ನಿಮ್ಮ ಕಡೆ ಇರುವಂತೆ ಕಾಲುಗಳ ನಡುವೆ ಕೂರಿಸಿಕೊಳ್ಳಿ, ಗಲ್ಲ ಎತ್ತಿ ಹಣೆಯ ಕಡೆಯಿಂದ ಹನಿ ಬಿಡಿ. ಕೂಡಲೇ ಅವಳಿಗೆ ಪ್ರಿಯವಾದದ್ದನ್ನು ಕೊಡಿ, ಪ್ರತಿ ಸಲವೂ. ನಮ್ಮವನಿಗೆ ಒಂದು ಚೂರು ಸೌತೆಕಾಯಿ ಸಾಕಾಗುತ್ತಿತ್ತು. ಹತ್ತನೆಯ ದಿನಕ್ಕೆ ಬಾಟಲಿಯ ಸದ್ದು ಕೇಳಿ ಅವನೇ ಬಂದು ಕೂರತೊಡಗಿದ.

ಮೈಸೂರು, ಫೆಬ್ರವರಿ 10

ಇದರ ಜೊತೆಗೆ ಇನ್ನೊಂದು ಮಾತು. ಶಿಟ್ಜುವಿನ ಕಣ್ಣುಗಳು ಮುಂದಕ್ಕೆ ಉಬ್ಬಿರುತ್ತವೆ. ಕತ್ತಿನ ಚರ್ಮವನ್ನು ಹಿಡಿದು ಹಿಂದಕ್ಕೆ ಎಳೆದರೆ ಕಣ್ಣುಗುಡ್ಡೆಯೇ ಹೊರಬರುವ ಅಪಾಯವಿದೆ. ಕಾಲರ್ ಬದಲು ಎದೆಪಟ್ಟಿ ಹಾಕಿ. ಕಣ್ಣಿಗೆ ತಾಗುವ ಕೂದಲನ್ನು ಕತ್ತರಿಸಿ. ನಿಮ್ಮ ಊರಿನ ಬಿಸಿಲಿನಲ್ಲಿ ಫ್ಯಾನಿನ ಅಥವಾ ಕೂಲರಿನ ಗಾಳಿ ನೇರ ಮುಖಕ್ಕೆ ಬೀಸಿದರೆ ಇರುವಷ್ಟು ಕಣ್ಣೀರೂ ಆರಿಹೋಗುತ್ತದೆ, ಅವಳ ಹಾಸಿಗೆಯನ್ನು ಸರಿಸಿ. ಔಷಧ ಹಾಕಿದ ಮೇಲೆ ನಿಮ್ಮ ಕೈ ತೊಳೆದುಕೊಳ್ಳಿ.

ಚಿನ್ನು ಇದ್ದಕ್ಕಿದ್ದಂತೆ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡರೆ, ಕಣ್ಣು ನೀಲಿ ಮಿಶ್ರಿತ ಬೆಳ್ಳಗಾದರೆ ಅಥವಾ ಮೇಲೆ ಗುಳಿ ಕಂಡರೆ ಮರುದಿನಕ್ಕೆ ಕಾಯಬೇಡಿ. ಒಣಕಣ್ಣಿನಲ್ಲಿ ಹುಣ್ಣು ಬೇಗ ಆಳಕ್ಕೆ ಇಳಿಯುತ್ತದೆ.

ರಾಯಚೂರು, ಮಾರ್ಚ್ 23

ಒಂಬತ್ತು ವಾರಗಳಾದವು. ಇಂದಿನ ಅಳತೆ: ಬಲ 11, ಎಡ 16! ಬೆಳಗ್ಗೆ ರೆಪ್ಪೆಗಳು ಅಂಟಿಕೊಳ್ಳುತ್ತಿಲ್ಲ. ಚಿನ್ನು ಮತ್ತೆ ಚೆಂಡು ತರುತ್ತಿದ್ದಾಳೆ. ಇಷ್ಟು ದಿನ ವಯಸ್ಸಾಯಿತೇನೋ ಎಂದುಕೊಂಡಿದ್ದೆವು, ಪಾಪ, ಅವಳಿಗೆ ನೋವಿತ್ತು. ಕಂದು ಮಸುಕು ಮಾತ್ರ ಹಾಗೆಯೇ ಇದೆ. ಇನ್ನು ಔಷಧವನ್ನು ದಿನಕ್ಕೆ ಒಮ್ಮೆ ಮಾಡಬಹುದೇ?

ಮೈಸೂರು, ಮಾರ್ಚ್ 23

ಓದಿ ತುಂಬಾ ಸಂತೋಷವಾಯಿತು. ಆದರೆ ಬಲಗಣ್ಣಿನದು ಇನ್ನೂ 15 ಮುಟ್ಟಿಲ್ಲ, ಈಗಲೇ ಕಡಿಮೆ ಮಾಡುವ ಯೋಚನೆ ಬೇಡ. ಎಡಗಣ್ಣಿನ 16 ಔಷಧದ ಬಲದಿಂದ ಬಂದದ್ದು. ಇದು ಗುಣವಾಗಿ ಬಿಟ್ಟುಹೋಗುವ ಕಾಯಿಲೆಯಲ್ಲ, ಬಹುಪಾಲು ನಾಯಿಗಳಿಗೆ ಜೀವನಪೂರ್ತಿ ಹಾಕಬೇಕು. ಕಂದು ಬಣ್ಣ ಪೂರ್ತಿ ಹೋಗುವುದು ಅಪರೂಪ, ಹರಡದಂತೆ ತಡೆಯುವುದೇ ನಮ್ಮ ಗುರಿ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ.

ರಾಯಚೂರು, ಏಪ್ರಿಲ್ 27

ನೀವು ಹೇಳಿದ್ದು ಕಣ್ಣಾರೆ ಕಂಡಿತು ಡಾಕ್ಟರ್. ಮದುವೆಗೆಂದು ಊರಿಗೆ ಹೋದಾಗ ಬಾಟಲಿ ಮನೆಯಲ್ಲೇ ಉಳಿದು ಐದು ದಿನ ತಪ್ಪಿತು. ಐದನೆಯ ದಿನ ಬಲಗಣ್ಣಿನಲ್ಲಿ ಮತ್ತೆ ಅದೇ ಎಳೆ. ಬಂದ ರಾತ್ರಿಯೇ ಶುರುಮಾಡಿದೆ, ಎರಡು ವಾರದಲ್ಲಿ ಹತೋಟಿಗೆ ಬಂದಿದೆ. ಈಗ ಒಂದು ಬಾಟಲಿ ಮನೆಯಲ್ಲಿ, ಇನ್ನೊಂದು ಪ್ರಯಾಣದ ಚೀಲದಲ್ಲಿ. ಬೆಳಗಿನ ಸರದಿ ನನ್ನದು. ರಾತ್ರಿಯದನ್ನು ಅತ್ತೆಯವರೇ ವಹಿಸಿಕೊಂಡಿದ್ದಾರೆ, ಹಾಕಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾರೆ. ಮುಂದಿನ ಅಳತೆ ಜೂನ್ ಎರಡನೆಯ ವಾರ, ಬಂದು ಬರೆಯುತ್ತೇನೆ.